ಅಂಚೆ ಇಳಿದ ಮೇಲೆ ಗಾಡಿ ಓಡಲಿಲ್ಲ: ಸಾಂಟಾ ಫೇ ರೈಲ್ವೆ, 1967

1967ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಂಚೆ ಇಲಾಖೆ ರೈಲ್ವೆ ಕಂಪನಿಗಳಿಗೆ ಒಂದು ತೀರ್ಮಾನ ತಿಳಿಸಿತು. ಓಡುವ ಗಾಡಿಯಲ್ಲೇ ಪತ್ರ ವಿಂಗಡಿಸುವ ಬೋಗಿಗಳಲ್ಲಿ ಹೆಚ್ಚಿನವು ಇನ್ನು ಬೇಡ, ಪತ್ರಗಳು ವಿಮಾನದಲ್ಲಿ ಹೋಗುತ್ತವೆ, ಉಳಿದದ್ದು ಲಾರಿಯಲ್ಲಿ. ಷಿಕಾಗೋದಿಂದ ಲಾಸ್ ಏಂಜಲೀಸ್‌ವರೆಗೆ ಸ್ವಂತ ಹಳಿ ಇದ್ದ ಸಾಂಟಾ ಫೇ ರೈಲ್ವೆಗೆ ಇದರಿಂದ ತಪ್ಪಿಹೋದ ವ್ಯವಹಾರ ವರ್ಷಕ್ಕೆ ಸುಮಾರು 3.5 ಕೋಟಿ ಡಾಲರ್. ಎಂಟು ತಿಂಗಳು ಕಳೆದು, 1968ರ ಮೇ ತಿಂಗಳಲ್ಲಿ, 1926ರಿಂದ ಓಡುತ್ತಿದ್ದ ‘ಚೀಫ್’ ಎಂಬ ಹೆಸರಾಂತ ಗಾಡಿ ನಿಂತಿತು. ಇನ್ನು ಮೂರು ವರ್ಷಕ್ಕೆ ಸಾಂಟಾ ಫೇ ತನ್ನ ಅಳಿದುಳಿದ ಪ್ರಯಾಣಿಕರ ಗಾಡಿಗಳನ್ನೆಲ್ಲ ಸರ್ಕಾರ ಹುಟ್ಟುಹಾಕಿದ ಆಮ್‌ಟ್ರಾಕ್ ಕೈಗೆ ಒಪ್ಪಿಸಿತು.

ಅಂಚೆ ಚೀಲ ಕೆಳಗಿಳಿದರೆ ಪ್ರಯಾಣಿಕರ ಗಾಡಿ ಏಕೆ ನಿಲ್ಲಬೇಕು? ಜನ ರೈಲು ಬಿಟ್ಟು ಕಾರು ಹತ್ತಿದರು, ವಿಮಾನ ಹತ್ತಿದರು, ಅದಕ್ಕೇ ರೈಲು ಸತ್ತಿತು ಎಂಬ ಕತೆ ಎಲ್ಲರಿಗೂ ಗೊತ್ತು. ಅದು ಸುಳ್ಳಲ್ಲ, ಆದರೆ ಅರ್ಧ ಮಾತ್ರ. ಜನ ಬಿಟ್ಟುಹೋದ ಮೇಲೂ ನೂರಾರು ಗಾಡಿಗಳು ಹದಿನೈದು ಇಪ್ಪತ್ತು ವರ್ಷ ಓಡಿದವು. ಅವುಗಳನ್ನು ಓಡಿಸಿದ್ದು ಎಂಜಿನ್ನಿನ ಹಿಂದೆಯೇ ಇರುತ್ತಿದ್ದ, ಕಿಟಕಿ ಕಡಿಮೆ, ಬಾಗಿಲು ದೊಡ್ಡದು ಇದ್ದ, ಯಾರೂ ಫೋಟೊ ತೆಗೆಯದ ಬೋಗಿಗಳು. ಸಾಂಟಾ ಫೇಯ ಪ್ರಕರಣದಲ್ಲಿ ಇದು ಬಹಳ ಸ್ಪಷ್ಟವಾಗಿ ಕಾಣುತ್ತದೆ. ಅದಕ್ಕೇ ಈ ಒಂದು ರೈಲ್ವೆಯನ್ನೇ ಹಿಡಿದು ನೋಡುತ್ತಿದ್ದೇನೆ.

ಗಾಡಿಯ ಮುಂಭಾಗ

ಎರಡನೇ ಮಹಾಯುದ್ಧ ಮುಗಿದ ಹೊತ್ತಿಗೆ ಷಿಕಾಗೋ–ಲಾಸ್ ಏಂಜಲೀಸ್ ನಡುವೆ ಸಾಂಟಾ ಫೇಯ ಹಲವು ಗಾಡಿಗಳಿದ್ದವು. ಮೇಲ್ದರ್ಜೆಯವರಿಗೆ ‘ಸೂಪರ್ ಚೀಫ್’, ಕುರ್ಚಿ ಬೋಗಿಯವರಿಗೆ ‘ಎಲ್ ಕ್ಯಾಪಿಟಾನ್’, ನಡುವೆ ‘ಚೀಫ್’, ನಿಧಾನವಾಗಿ ಊರೂರಿಗೆ ನಿಂತು ಹೋಗುವ ‘ಗ್ರ್ಯಾಂಡ್ ಕ್ಯಾನಿಯನ್’. ಬೆಳ್ಳಿ ಬಣ್ಣದ ಬೋಗಿ, ಎಂಜಿನ್ನಿನ ಮೂತಿಗೆ ಕೆಂಪು ಹಳದಿ ಬಣ್ಣ. ಜಾಹೀರಾತುಗಳಲ್ಲಿ ಇವೇ ಮಿಂಚುತ್ತಿದ್ದವು. ಇದೇ ಹಳಿಯ ಮೇಲೆ 7 ಮತ್ತು 8ನೇ ನಂಬರಿನ ಇನ್ನೊಂದು ಜೋಡಿ ಗಾಡಿ ಓಡುತ್ತಿತ್ತು: ‘ಫಾಸ್ಟ್ ಮೇಲ್ ಎಕ್ಸ್‌ಪ್ರೆಸ್’. ಅದರಲ್ಲಿ ಊಟದ ಬೋಗಿ ಇಲ್ಲ, ಮಲಗುವ ಬೋಗಿ ಇಲ್ಲ. ಉದ್ದಕ್ಕೂ ಅಂಚೆ ಮತ್ತು ಪಾರ್ಸೆಲ್ ಬೋಗಿಗಳು, ಕೊನೆಯಲ್ಲಿ ಗಾಡಿಯ ಸಿಬ್ಬಂದಿ ಕೂರಲು ಒಂದು ಹಳೆಯ ಬೋಗಿ.

‘ಮೇಲ್’, ‘ಎಕ್ಸ್‌ಪ್ರೆಸ್’ ಎಂದರೆ ನಮಗೆ ಬೇಗ ಹೋಗುವ ಪ್ರಯಾಣಿಕರ ಗಾಡಿ. ಅಮೆರಿಕದ ರೈಲ್ವೆಯವರು ಎಕ್ಸ್‌ಪ್ರೆಸ್ ಎಂದಾಗ ಮನೆಬಾಗಿಲಿನಿಂದ ಮನೆಬಾಗಿಲಿಗೆ ಹೋಗುವ ಪಾರ್ಸೆಲ್ ಸಾಗಣೆ ಎಂದು ತಿಳಿಯಬೇಕು. ಅಂಚೆ ಸರ್ಕಾರದ್ದು. ಎಕ್ಸ್‌ಪ್ರೆಸ್ ನೋಡಿಕೊಳ್ಳುತ್ತಿದ್ದದ್ದು ‘ರೈಲ್ವೆ ಎಕ್ಸ್‌ಪ್ರೆಸ್ ಏಜೆನ್ಸಿ’. 1929ರಲ್ಲಿ 86 ರೈಲ್ವೆ ಕಂಪನಿಗಳು ಸೇರಿ ಮಾಡಿಕೊಂಡ ಸಂಸ್ಥೆ ಅದು.

7ನೇ ನಂಬರಿನ ಗಾಡಿ ಮಾತ್ರವೇ ಅಂಚೆ ಹೊರುತ್ತಿತ್ತು ಎಂದುಕೊಳ್ಳಬಾರದು. ಹೆಚ್ಚುಕಡಿಮೆ ಪ್ರತಿ ಪ್ರಯಾಣಿಕರ ಗಾಡಿಯ ಮುಂಭಾಗದಲ್ಲೂ ಇಂಥ ಒಂದೆರಡು ಬೋಗಿಯಾದರೂ ಇರುತ್ತಿತ್ತು. ಸಾಮಾನ್ಯ ಗಾಡಿಗಳಲ್ಲಿ ಅವುಗಳ ಸಂಖ್ಯೆಯೇ ಹೆಚ್ಚು. ಎಂಜಿನ್ನಿನ ಹಿಂದೆ ಹಣ್ಣು, ಮೀನು ಹೊರುವ ಮಂಜುಗಡ್ಡೆಯ ಬೋಗಿ. ಆಮೇಲೆ ಒಂದೇ ಊರಿಗೆ ಹೋಗುವ ಚೀಲಗಳನ್ನು ತುಂಬಿ ಸೀಲು ಹಾಕಿದ ಅಂಚೆ ಬೋಗಿಗಳು. ಅವುಗಳ ಹಿಂದೆ ವಿಂಗಡಣೆಯ ಬೋಗಿ, ಅದರ ಹಿಂದೆ ಪ್ರಯಾಣಿಕರ ಸಾಮಾನಿನ ಬೋಗಿ. ಅಲ್ಲಿಂದಾಚೆಗೆ ಜನ. ಕನ್ಸಾಸ್ ಸಿಟಿಯಲ್ಲಿ ಗಾಡಿ ನಿಂತಾಗ ಪ್ರಯಾಣಿಕರು ಕಾಫಿ ಕುಡಿದು ಬರುವಷ್ಟರಲ್ಲಿ ಷಂಟಿಂಗ್ ಎಂಜಿನ್ ಬಂದು ಮುಂದಿನ ಬೋಗಿಗಳಲ್ಲಿ ಕೆಲವನ್ನು ಕಳಚಿ, ಬೇರೆ ದಿಕ್ಕಿನಿಂದ ಬಂದವನ್ನು ಜೋಡಿಸುತ್ತಿತ್ತು. ಗಾಡಿ ಎಲ್ಲಿ ಎಷ್ಟು ಹೊತ್ತು ನಿಲ್ಲಬೇಕು ಎಂಬುದನ್ನು ಅನೇಕ ಕಡೆ ಅಂಚೆಯೇ ತೀರ್ಮಾನಿಸುತ್ತಿತ್ತು. ರಾತ್ರಿ ಹೊರಡುವ ವೇಳೆಯೂ ಹಾಗೆಯೇ. ಊರಿನ ಅಂಗಡಿ ಕಚೇರಿಗಳು ಮುಚ್ಚಿ, ಅವರ ಆ ದಿನದ ಪತ್ರಗಳೆಲ್ಲ ನಿಲ್ದಾಣ ಸೇರಿದ ಮೇಲೆ ಗಾಡಿ ಹೊರಟರೆ ಬೆಳಿಗ್ಗೆ ಮುಂದಿನ ಊರಿನಲ್ಲಿ ಅವು ಹಂಚಿಕೆಯಾಗುತ್ತವೆ.

ಈ ಇಡೀ ಜಾಲಕ್ಕೆ ಷಿಕಾಗೋ ನಡುಮನೆ. ಪೂರ್ವದ ರೈಲ್ವೆಗಳು ಅಲ್ಲಿಗೆ ಬಂದು ಮುಗಿಯುತ್ತಿದ್ದವು, ಪಶ್ಚಿಮದವು ಅಲ್ಲಿಂದ ಶುರುವಾಗುತ್ತಿದ್ದವು. ನಗರದ ಮುಖ್ಯ ಅಂಚೆ ಕಚೇರಿಯನ್ನು ಯೂನಿಯನ್ ನಿಲ್ದಾಣದ ಹಳಿಗಳ ಮೇಲೆಯೇ ಕಟ್ಟಿದ್ದರು. ನ್ಯೂಯಾರ್ಕಿನಲ್ಲೂ ಅಷ್ಟೇ, ಪೆನ್ಸಿಲ್ವೇನಿಯಾ ನಿಲ್ದಾಣದ ಹಳಿಗಳ ನೆತ್ತಿಯ ಮೇಲೆ ಅಂಚೆ ಕಚೇರಿ. ಲಾಸ್ ಏಂಜಲೀಸ್‌ನಲ್ಲಿ 1939ರಲ್ಲಿ ಹೊಸ ನಿಲ್ದಾಣ ತೆರೆದ ಮರುವರ್ಷವೇ ಅದರ ಪಕ್ಕದಲ್ಲಿ ದೊಡ್ಡ ಅಂಚೆ ಕಟ್ಟಡ ಎದ್ದಿತು. ಅಂಚೆಯೂ ರೈಲೂ ಎಂದೆಂದಿಗೂ ಜೊತೆಗಿರುತ್ತವೆ ಎಂಬ ನಂಬಿಕೆಯಲ್ಲಿ ಸುರಿದ ಕಾಂಕ್ರೀಟು ಅದು.

ಓಡುವ ಅಂಚೆ ಕಚೇರಿ

1864ರ ಆಗಸ್ಟಿನಲ್ಲಿ ಜಾರ್ಜ್ ಆರ್ಮ್‌ಸ್ಟ್ರಾಂಗ್ ಎಂಬ ಷಿಕಾಗೋದ ಅಂಚೆ ಅಧಿಕಾರಿ, ಅಲ್ಲಿಂದ ಅಯೋವಾದ ಕ್ಲಿಂಟನ್‌ಗೆ ಹೋಗುವ ಗಾಡಿಯಲ್ಲಿ ಪತ್ರ ವಿಂಗಡಿಸುವ ಏರ್ಪಾಟು ಮಾಡಿದ. ಎರಡು ವರ್ಷ ಮೊದಲು ಮಿಸೂರಿಯಲ್ಲೂ ಇಂಥ ಒಂದು ಪ್ರಯೋಗ ನಡೆದಿತ್ತು. ನೂರು ವರ್ಷ ಬಾಳಿದ ಪದ್ಧತಿಯ ಬೀಜ ಇದು. ಪತ್ರ ಒಂದೆಡೆ ಕೂತು ವಿಂಗಡಣೆಗೆ ಕಾಯುವ ಬದಲು, ಪ್ರಯಾಣದ ಹೊತ್ತಿನಲ್ಲೇ ವಿಂಗಡಣೆ ಮುಗಿಯಬೇಕು. ನಮ್ಮ ಆರ್‌ಎಂಎಸ್ (ರೈಲ್ವೆ ಮೇಲ್ ಸರ್ವಿಸ್) ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹುಬ್ಬಳ್ಳಿ, ಬೆಂಗಳೂರು ನಿಲ್ದಾಣಗಳಲ್ಲಿ ಆ ಮೂರಕ್ಷರದ ಬೋರ್ಡು ಕಂಡವರು ಬಹಳ. ನಮ್ಮಲ್ಲೂ ರಾತ್ರಿಯಿಡೀ ಓಡುವ ಅಂಚೆ ಬೋಗಿಯಲ್ಲಿ ಸಾರ್ಟಿಂಗ್ ನಡೆಯುತ್ತಿದ್ದ ಕಾಲ ಇತ್ತು.

ಅಮೆರಿಕದ ಪೂರ್ತಿ ಅಳತೆಯ ಬೋಗಿ 60 ಅಡಿ. ಅಷ್ಟು ಕೆಲಸ ಇಲ್ಲದ ದಾರಿಗಳಲ್ಲಿ ಬೋಗಿಯ 30 ಅಥವಾ 15 ಅಡಿಯಷ್ಟನ್ನು ಅಂಚೆಗೆಂದು ಬೇರ್ಪಡಿಸಿ ಕೊಡುತ್ತಿದ್ದರು. ಬೋಗಿ ರೈಲ್ವೆಯದ್ದು, ಬೆಳಕು, ನೀರು, ಬೆಚ್ಚಗಿಡುವ ಏರ್ಪಾಟು ಎಲ್ಲ ರೈಲ್ವೆಯದ್ದು. ಒಳಗಿನ ಗುಮಾಸ್ತರು ಮಾತ್ರ ಅಂಚೆ ಇಲಾಖೆಯವರು. ಗೋಡೆಯುದ್ದಕ್ಕೂ ಪತ್ರದ ಗೂಡುಗಳು, ಎದುರಿಗೆ ಕಬ್ಬಿಣದ ಚೌಕಟ್ಟಿಗೆ ಬಾಯ್ತೆರೆದು ನೇತುಹಾಕಿದ ಸಾಲುಸಾಲು ಚೀಲಗಳು. ಗುಮಾಸ್ತನ ಸೊಂಟದಲ್ಲಿ ಪಿಸ್ತೂಲು. ಬೋಗಿಯ ಹೊರಮೈಯಲ್ಲಿ ಪತ್ರ ಹಾಕುವ ಸೀಳು ಇರುತ್ತಿತ್ತು. ಗಾಡಿ ನಿಂತಾಗ ಓಡಿಬಂದು ಅದರಲ್ಲಿ ಪತ್ರ ಹಾಕಿದರೆ, ಆ ದಾರಿಯ ಹೆಸರೂ ಗಾಡಿಯ ನಂಬರೂ ಇರುವ ಮುದ್ರೆ ಬಿದ್ದು ಹೋಗುತ್ತಿತ್ತು.

ನಿಲ್ಲದ ಊರುಗಳಲ್ಲಿ ಅಂಚೆ ಎತ್ತಿಕೊಳ್ಳುತ್ತಿದ್ದ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಹಳಿಯ ಪಕ್ಕ ಒಂದು ಉಕ್ಕಿನ ಕಂಬ, ಅದಕ್ಕೆ ಎರಡು ತೋಳು. ಊರಿನ ಅಂಚೆಯವರು ದಪ್ಪ ಕ್ಯಾನ್ವಾಸಿನ ಚೀಲವನ್ನು ನಡುವೆ ಬೆಲ್ಟಿನಿಂದ ಬಿಗಿದು, ಪತ್ರಗಳ ಭಾರ ಮೇಲೆ ಕೆಳಗೆ ಹಂಚಿಹೋಗುವಂತೆ ಮಾಡಿ, ಆ ಎರಡು ತೋಳುಗಳ ನಡುವೆ ಸಿಕ್ಕಿಸಿ ಹೋಗುತ್ತಿದ್ದರು. ಗಾಡಿ ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಬರುತ್ತಿದೆ. ಬೋಗಿಯ ಬಾಗಿಲಲ್ಲಿ ನಿಂತ ಗುಮಾಸ್ತ ಕತ್ತಲಲ್ಲಿ ಯಾವುದೋ ಸೇತುವೆಯ ಸದ್ದು, ಯಾವುದೋ ಧಾನ್ಯದ ಗೋದಾಮಿನ ನೆರಳು ಹಿಡಿದು ಊರು ಬಂತೆಂದು ಅಂದಾಜು ಮಾಡಬೇಕು. ಮೊದಲು ಆ ಊರಿಗೆ ಹೋಗಬೇಕಾದ ಚೀಲವನ್ನು ಒದ್ದು ಹೊರಗೆ ತಳ್ಳಬೇಕು, ಅದು ಚಕ್ರದಡಿಗೆ ಉರುಳಬಾರದು. ಮರುಕ್ಷಣ ಬಾಗಿಲಿಗೆ ಅಡ್ಡಲಾಗಿರುವ ಕಬ್ಬಿಣದ ಕೊಕ್ಕೆಯ ಹಿಡಿಯನ್ನು ಎಳೆದು ಹೊರಚಾಚಬೇಕು. ಬೇಗ ಚಾಚಿದರೆ ಸಿಗ್ನಲ್ ಕಂಬಕ್ಕೆ ಬಡಿಯುತ್ತದೆ, ತಡವಾದರೆ ಚೀಲ ಅಲ್ಲೇ ಉಳಿಯುತ್ತದೆ. ಸರಿಯಾಗಿ ಸಿಕ್ಕರೆ ಚೀಲ ದಢಾರನೆ ಕೊಕ್ಕೆಗೆ ಬಂದು ಬೀಳುತ್ತದೆ, ಅದನ್ನು ಒಳಗೆಳೆದು ಬಿಚ್ಚಿ, ಪತ್ರಗಳನ್ನು ಗೂಡಿಗೆ ಹಾಕಲು ಶುರುಮಾಡುತ್ತಾನೆ. ಅದರಲ್ಲಿ ಮುಂದಿನ ಊರಿಗೇ ಹೋಗುವ ಪತ್ರ ಇದ್ದರೆ ಅಷ್ಟರೊಳಗೆ ಅದು ಬೇರೆಯಾಗಿ, ಒದೆಯಲು ಸಿದ್ಧವಾದ ಚೀಲ ಸೇರಿರಬೇಕು.

ಇದಕ್ಕೆ ಬೇಕಾದ ನೆನಪು ಸಾಮಾನ್ಯದ್ದಲ್ಲ. ಯಾವ ಊರಿನ ಪತ್ರ ಯಾವ ಕೂಡುನಿಲ್ದಾಣದಲ್ಲಿ ಇಳಿಯಬೇಕು, ಅಲ್ಲಿಂದ ಯಾವ ಗಾಡಿ ಹಿಡಿಯಬೇಕು, ಭಾನುವಾರ ಆ ಗಾಡಿ ಇಲ್ಲದಿದ್ದರೆ ಬೇರೆ ದಾರಿ ಯಾವುದು, ಎಲ್ಲ ಬಾಯಿಪಾಠ. ಗುಮಾಸ್ತರು ಮನೆಯಲ್ಲಿ ಊರುಗಳ ಹೆಸರು ಬರೆದ ಚೀಟಿಗಳನ್ನು ಪುಟ್ಟ ಗೂಡಿನ ಪೆಟ್ಟಿಗೆಗೆ ಎಸೆದು ಅಭ್ಯಾಸ ಮಾಡುತ್ತಿದ್ದರು. ಪರೀಕ್ಷೆಯಲ್ಲಿ ಪಾಸಾಗಲು ಶೇ. 97ರಷ್ಟು ಸರಿ ಇರಬೇಕಿತ್ತು. ಅಂಚೆ ಇಲಾಖೆಯಲ್ಲಿ ಇವರಷ್ಟು ನುರಿತವರು ಬೇರೆ ಇರಲಿಲ್ಲ ಎಂದೇ ನನ್ನ ಎಣಿಕೆ. ಈ ಕೆಲಸದಲ್ಲಿ ಕರಿಯ ಜನಾಂಗದ ಗುಮಾಸ್ತರೂ ಬಹಳ ಮಂದಿ ಇದ್ದರು. ಮರದ ಬೋಗಿಗಳ ಜಾಗಕ್ಕೆ ಉಕ್ಕಿನವು ಬಂದು ಜೀವಭಯ ಕಡಿಮೆಯಾದ ಮೇಲೆ ಅವರನ್ನು ಪಕ್ಕಕ್ಕೆ ತಳ್ಳುವ ಯತ್ನ ನಡೆಯಿತು. ಅದನ್ನು ಎದುರಿಸಲು 1913ರಲ್ಲಿ ಅವರು ತಮ್ಮದೇ ಸಂಘ ಕಟ್ಟಿಕೊಂಡರು.

1948ರಲ್ಲಿ ದೇಶದಲ್ಲಿ ಇಂಥ ಓಡುವ ಅಂಚೆ ಕಚೇರಿಗಳ ದಾರಿಗಳು 794. 1962ರ ಜನವರಿಗೆ ಉಳಿದದ್ದು 262. ಅಂದರೆ 1967ರ ತೀರ್ಮಾನ ಆಕಾಶದಿಂದ ಉದುರಿದ್ದಲ್ಲ.

ಪಾರ್ಸೆಲ್ಲಿನ ಪಾಡು

ಎಕ್ಸ್‌ಪ್ರೆಸ್ ಏಜೆನ್ಸಿಯ ಹಸಿರು ಲಾರಿ ಮನೆ ಮುಂದೆ ನಿಂತು, ಕೋಳಿಮರಿಯಿಂದ ಹಿಡಿದು ಕ್ಯಾಲಿಫೋರ್ನಿಯಾದ ಹೂವು, ಸಿನಿಮಾ ರೀಲು, ಶವಪೆಟ್ಟಿಗೆಯವರೆಗೆ ಎಲ್ಲವನ್ನೂ ಒಯ್ಯುತ್ತಿತ್ತು. ಹಣದ ವಿಷಯಕ್ಕೆ ಬಂದರೆ ಅದರ ಏರ್ಪಾಟು ವಿಚಿತ್ರ. ಏಜೆನ್ಸಿ ತನ್ನ ಖರ್ಚೆಲ್ಲ ಕಳೆದು ಉಳಿದದ್ದನ್ನು ರೈಲ್ವೆಗಳಿಗೆ ಹಂಚುತ್ತಿತ್ತು. ಕೂಲಿ ಏರಿದಂತೆ ಆ ಉಳಿಕೆ ಕರಗಿತು. ಸರ್ಕಾರದ ಪಾರ್ಸೆಲ್ ಅಂಚೆ 1913ರಿಂದಲೇ ಅದಕ್ಕೆ ಪೈಪೋಟಿ ಕೊಡುತ್ತಿತ್ತು. ಏಜೆನ್ಸಿ ಉಳಿಯಲಿ ಎಂದು 1951ರಲ್ಲಿ ಸಂಸತ್ತು ಪಾರ್ಸೆಲ್ ಅಂಚೆಯ ತೂಕ, ಗಾತ್ರಗಳ ಮಿತಿ ಇಳಿಸಿದ್ದೂ ಉಂಟು. ಅದರ ಲಾಭ ರೈಲಿಗಿಂತ ಹೆಚ್ಚಾಗಿ ಲಾರಿಯವರಿಗೆ ಸಿಕ್ಕಿತು. 1960ರಲ್ಲಿ ಏಜೆನ್ಸಿ ಹೆಸರು ಬದಲಿಸಿಕೊಂಡಿತು, 1975ರಲ್ಲಿ ದಿವಾಳಿಯಾಯಿತು. ಸಾಂಟಾ ಫೇಯ ಗಾಡಿಗಳಿಗೆ ಎಕ್ಸ್‌ಪ್ರೆಸ್ ಒಂದು ಆಸರೆ, ನಿಜ. ಆದರೆ ಅರವತ್ತರ ದಶಕಕ್ಕೆ ಬರುವಾಗ ಗಟ್ಟಿಯಾಗಿ ನಿಂತಿದ್ದ ಕಂಬ ಅಂಚೆ ಒಂದೇ.

ಲೆಕ್ಕದ ಜಗಳ

ಅಂಚೆ ಹಣ ಹೇಗೆ ಬರುತ್ತಿತ್ತು ಎಂಬುದನ್ನು ತಿಳಿಯದೆ ಈ ಪ್ರಕರಣ ಅರ್ಥವಾಗುವುದಿಲ್ಲ. 1916ರ ಕಾನೂನಿನ ಪ್ರಕಾರ ತೂಕಕ್ಕಲ್ಲ, ಜಾಗಕ್ಕೆ ಹಣ. ಇಷ್ಟು ಅಡಿ ಜಾಗ, ಇಷ್ಟು ಮೈಲಿ ದೂರ, ಇಷ್ಟು ದರ. ದರ ಗೊತ್ತುಮಾಡುವುದು ಅಂತರರಾಜ್ಯ ವಾಣಿಜ್ಯ ಆಯೋಗ. 60 ಅಡಿಯ ಬೋಗಿ ಬೇಕು ಎಂದು ಇಲಾಖೆ ಒಮ್ಮೆ ಆದೇಶಿಸಿತೆಂದರೆ ಆ ದಿನ ಚೀಲ ಕಡಿಮೆ ಬಂದರೂ ಹಣ ಬರುತ್ತದೆ. ಟಿಕೆಟ್ ಹಣ ಹಾಗಲ್ಲ. ಮಳೆಗಾಲದ ಮಂಗಳವಾರ ಗಾಡಿ ಖಾಲಿ, ಕ್ರಿಸ್‌ಮಸ್ಸಿಗೆ ತುಂಬಿ ತುಳುಕು. ವರ್ಷವಿಡೀ, ವಾರದ ಎಲ್ಲ ದಿನವೂ, ಕಾಫಿ ಕೇಳದೆ, ಹಾಸಿಗೆ ಕೇಳದೆ, ದೂರು ಕೊಡದೆ ಹಣ ಕೊಡುತ್ತಿದ್ದ ಗಿರಾಕಿ ಅಂಚೆ ಇಲಾಖೆ.

ಹಾಗಿದ್ದರೂ ರೈಲ್ವೆಗಳು ಪ್ರಯಾಣಿಕರ ಗಾಡಿಗಳಿಂದ ನಷ್ಟ ಎಂದು ಗೋಗರೆಯುತ್ತಿದ್ದವು. ಆಯೋಗದ ಲೆಕ್ಕದ ಸೂತ್ರದಂತೆ 1957ರಲ್ಲಿ ದೇಶದ ಎಲ್ಲ ರೈಲ್ವೆಗಳ ಈ ನಷ್ಟ 70 ಕೋಟಿ ಡಾಲರ್ ದಾಟಿತ್ತು. ಈ ಅಂಕಿಯ ಬಗ್ಗೆ ಆಗಲೂ ತಕರಾರಿತ್ತು. ಹಳಿಯ ದುರಸ್ತಿ, ಸಿಗ್ನಲ್, ಮುಖ್ಯ ಕಚೇರಿಯ ಸಂಬಳ ಇವೆಲ್ಲದರಲ್ಲೂ ಒಂದು ಪಾಲನ್ನು ಆ ಸೂತ್ರ ಪ್ರಯಾಣಿಕರ ಗಾಡಿಗಳ ತಲೆಗೆ ಕಟ್ಟುತ್ತಿತ್ತು. ಗಾಡಿ ನಿಲ್ಲಿಸಿದರೂ ಆ ಖರ್ಚಿನಲ್ಲಿ ಬಹುಪಾಲು ಹಾಗೇ ಉಳಿಯುತ್ತದೆ, ಏಕೆಂದರೆ ಅದೇ ಹಳಿಯ ಮೇಲೆ ಗೂಡ್ಸ್ ಓಡಬೇಕು. ಹಾಗಾಗಿ ಗಾಡಿಯೊಂದನ್ನು ನಿಲ್ಲಿಸಿದರೆ ನಿಜಕ್ಕೂ ಎಷ್ಟು ಉಳಿಯುತ್ತದೆ ಎಂಬ ಪ್ರಶ್ನೆಯನ್ನೇ ಕೇಳಬೇಕಿತ್ತು: ಅದರ ಡೀಸೆಲ್, ಅದರ ಸಿಬ್ಬಂದಿ, ಅದರ ಬೋಗಿಗಳ ದುರಸ್ತಿ. ಹಾಗೆ ಕೇಳಿದಾಗ ಮುಂಭಾಗದಲ್ಲಿ ಅಂಚೆ ತುಂಬಿದ್ದ ಗಾಡಿ ತನ್ನ ಕೈಖರ್ಚನ್ನು ತಾನೇ ದುಡಿದುಕೊಳ್ಳುತ್ತಿತ್ತು. ಅಂಥ ಗಾಡಿಗಳಲ್ಲಿ ಟಿಕೆಟ್ ಹಣಕ್ಕಿಂತ ಅಂಚೆ, ಪಾರ್ಸೆಲ್ ಹಣವೇ ಹೆಚ್ಚಿದ್ದದ್ದು ಅಪರೂಪವೇನಲ್ಲ.

ಸಾಂಟಾ ಫೇ ಈ ವಿಷಯದಲ್ಲಿ ಬೇರೆಯವರಂತಲ್ಲ. ಕೆಲವು ರೈಲ್ವೆಗಳು ಪ್ರಯಾಣಿಕರನ್ನು ಓಡಿಸಲೆಂದೇ ಊಟದ ಬೋಗಿ ಕಳಚಿ, ಕೊಳಕು ಬೋಗಿ ಹಚ್ಚಿ, ಆಮೇಲೆ ಜನ ಬರುತ್ತಿಲ್ಲ ಎಂದು ಆಯೋಗದ ಮುಂದೆ ನಿಂತವು. ಸಾಂಟಾ ಫೇ ಕೊನೆಯವರೆಗೂ ಗಾಡಿಗಳನ್ನು ಅಚ್ಚುಕಟ್ಟಾಗಿ ನಡೆಸಿತು. ‘ಸೂಪರ್ ಚೀಫ್’ನ ಊಟ 1970ರಲ್ಲೂ ಹೆಸರುವಾಸಿ. 1956ರಲ್ಲಿ ‘ಎಲ್ ಕ್ಯಾಪಿಟಾನ್’ಗೆ ಎತ್ತರದ ಎರಡಂತಸ್ತಿನ ಹೊಸ ಬೋಗಿಗಳು ಬಂದವು. ಅದಕ್ಕೇ ಈ ಪ್ರಕರಣ ನನಗೆ ಮುಖ್ಯ. ಒಳ್ಳೆಯ ಮನಸ್ಸಿನಿಂದ ಗಾಡಿ ಓಡಿಸುತ್ತಿದ್ದ ಕಂಪನಿಯೂ ಅಂಚೆ ಹೋದ ಮೇಲೆ ತಾಳಲಿಲ್ಲ.

ಸುತ್ತಿಕೊಂಡ ಉರುಳು

1953ರ ಅಕ್ಟೋಬರಿನಲ್ಲಿ ಅಂಚೆ ಮಂತ್ರಿ ಆರ್ಥರ್ ಸಮರ್‌ಫೀಲ್ಡ್ ಒಂದು ಪ್ರಯೋಗಕ್ಕೆ ಕೈ ಹಾಕಿದ. ನ್ಯೂಯಾರ್ಕ್, ವಾಷಿಂಗ್ಟನ್‌ಗಳಿಂದ ಷಿಕಾಗೋಗೆ ಹೋಗುವ ಮೂರು ಸೆಂಟಿನ ಸಾಮಾನ್ಯ ಪತ್ರಗಳನ್ನೂ, ಜಾಗ ಇದ್ದಾಗ, ವಿಮಾನಕ್ಕೆ ಹಾಕುವುದು. 1956ರಲ್ಲಿ ಅಂತರರಾಜ್ಯ ಹೆದ್ದಾರಿಗಳ ಕಾನೂನು ಬಂತು. 1959ರ ಜನವರಿಯಲ್ಲಿ ನ್ಯೂಯಾರ್ಕ್–ಲಾಸ್ ಏಂಜಲೀಸ್ ನಡುವೆ ಬೋಯಿಂಗ್ 707 ಹಾರತೊಡಗಿತು. ಅದರ ಹೊಟ್ಟೆಯಲ್ಲಿ ಪ್ರಯಾಣಿಕರ ಪೆಟ್ಟಿಗೆಗಳ ಜೊತೆ ಅಂಚೆಗೂ ಬೇಕಾದಷ್ಟು ಜಾಗ. ರೈಲಿನಲ್ಲಿ ಮೂರು ರಾತ್ರಿಯ ದಾರಿ ಒಂದು ಹಗಲಿನೊಳಗೆ ಮುಗಿಯಿತು.

ಇನ್ನೊಂದು ಕಡೆಯಿಂದ ರೈಲ್ವೆಗಳೇ ಗಾಡಿ ಕಡಿಮೆ ಮಾಡುತ್ತಾ ಬಂದವು. 1958ರ ಸಾರಿಗೆ ಕಾನೂನು ರಾಜ್ಯಗಳ ಹಿಡಿತವನ್ನು ಸಡಿಲಿಸಿ, ಗಾಡಿ ನಿಲ್ಲಿಸುವ ಅರ್ಜಿಯನ್ನು ನೇರ ಕೇಂದ್ರದ ಆಯೋಗಕ್ಕೆ ಒಯ್ಯಲು ದಾರಿ ಮಾಡಿತು. ಅದೇ ವರ್ಷ ಆಯೋಗದ ಪರೀಕ್ಷಕ ಹವರ್ಡ್ ಹಾಸ್ಮರ್, ಹೀಗೇ ಮುಂದುವರಿದರೆ 1970ರ ಹೊತ್ತಿಗೆ ಪ್ರಯಾಣಿಕರ ಬೋಗಿ ವಸ್ತುಸಂಗ್ರಹಾಲಯ ಸೇರುತ್ತದೆ ಎಂದು ವರದಿ ಕೊಟ್ಟ. ಗಾಡಿ ಕಡಿಮೆಯಾದರೆ ಅಂಚೆಗೆ ತೊಂದರೆ: ದಿನಕ್ಕೆ ನಾಲ್ಕು ಗಾಡಿ ಇದ್ದ ಊರಿಗೆ ಒಂದೇ ಗಾಡಿ ಬಂದರೆ, ಅದೂ ಮಧ್ಯಾಹ್ನ ಬಂದರೆ, ಬೆಳಗಿನ ಹಂಚಿಕೆ ತಪ್ಪಿತು. ಆಗ ಇಲಾಖೆ ಆ ಊರಿಗೆ ಲಾರಿ ಗೊತ್ತುಮಾಡುತ್ತದೆ. ಅಂಚೆ ಹಣ ತಪ್ಪಿದ ಗಾಡಿ ನಷ್ಟಕ್ಕೆ ಬೀಳುತ್ತದೆ, ರೈಲ್ವೆ ಅದನ್ನು ನಿಲ್ಲಿಸುತ್ತದೆ. ಅದರ ಜೊತೆ ಕೂಡುಗಾಡಿ ತಪ್ಪಿ ಮತ್ತೊಂದು ದಾರಿಯ ಅಂಚೆ ಲಾರಿಗೆ ಹೋಗುತ್ತದೆ. ಇಲಾಖೆ ರೈಲ್ವೆಯತ್ತ ಬೆರಳು ತೋರಿತು, ರೈಲ್ವೆ ಇಲಾಖೆಯತ್ತ. ಇಬ್ಬರ ಮಾತೂ ಸತ್ಯ.

1963ರ ಜುಲೈ 1ರಂದು ಬಂದ ಜಿಪ್ ಕೋಡ್, ನನ್ನ ದೃಷ್ಟಿಯಲ್ಲಿ, ಓಡುವ ಅಂಚೆ ಕಚೇರಿಗೆ ಜೆಟ್ ವಿಮಾನಕ್ಕಿಂತ ದೊಡ್ಡ ಪೆಟ್ಟು. ಗುಮಾಸ್ತ ವರ್ಷಗಟ್ಟಲೆ ಬಾಯಿಪಾಠ ಮಾಡಿದ್ದನ್ನು ಐದು ಅಂಕಿ ಲಕೋಟೆಯ ಮೇಲೆಯೇ ಬರೆದುಬಿಟ್ಟಿತು. ಪತ್ರ ಎಲ್ಲಿಗೆ ಹೋಗಬೇಕೆಂದು ತಿಳಿಯಲು ಇನ್ನು ಊರುಗಳ ಜಾಲ ಗೊತ್ತಿರಬೇಕಿಲ್ಲ, ಅಂಕಿ ಓದಲು ಬಂದರೆ ಸಾಕು. ಯಂತ್ರಕ್ಕೂ ಅಷ್ಟೇ ಸಾಕು. ಯಂತ್ರ ಭಾರವಾದದ್ದು, ಅಲುಗಾಡುವ ಬೋಗಿಯಲ್ಲಿ ಕೂರುವುದಿಲ್ಲ, ದೊಡ್ಡ ಕಟ್ಟಡದಲ್ಲೇ ಇರಬೇಕು. ಹಾಗಾಗಿ ಪತ್ರಗಳನ್ನು ಸುತ್ತಲಿನ ಊರುಗಳಿಂದ ಲಾರಿಯಲ್ಲಿ ಒಂದು ಕೇಂದ್ರಕ್ಕೆ ತಂದು, ಅಲ್ಲಿ ವಿಂಗಡಿಸಿ, ಮತ್ತೊಂದು ಕೇಂದ್ರಕ್ಕೆ ಹಾರಿಸುವ ಪದ್ಧತಿ ಬಂತು. ಇದರಲ್ಲಿ ರೈಲಿನ ಬೋಗಿಗೆ ಒದಗುವ ಕೆಲಸವೇ ಉಳಿಯಲಿಲ್ಲ.

ಹೊಸ ಪದ್ಧತಿ ಸಲೀಸಾಗಿ ನಡೆಯಿತೇ ಎಂದರೆ, ಇಲ್ಲ. 1966ರ ಅಕ್ಟೋಬರಿನಲ್ಲಿ ಷಿಕಾಗೋದ ಆ ದೊಡ್ಡ ಅಂಚೆ ಕಚೇರಿಯೇ ಕಟ್ಟಿಕೊಂಡು ನಿಂತಿತು. ಒಂದು ಕೋಟಿಗೂ ಹೆಚ್ಚು ಪತ್ರ, ಪಾರ್ಸೆಲ್‌ಗಳು ವಿಂಗಡಣೆಯಾಗದೆ ಬಿದ್ದಿದ್ದವು. ಮೊದಲಾದರೆ ಈ ಕೆಲಸದಲ್ಲಿ ಒಂದು ಪಾಲನ್ನು ನಗರದಿಂದ ಹೊರಟ ಗಾಡಿಗಳು ದಾರಿಯಲ್ಲೇ ಮುಗಿಸುತ್ತಿದ್ದವು. ಈಗ ಎಲ್ಲವೂ ಒಂದೇ ಸೂರಿನಡಿ. ಅಂಚೆ ಇಲಾಖೆ ಇದರಿಂದ ಕಲಿತ ಪಾಠ ಮಾತ್ರ ಬೇರೆ: ಇನ್ನಷ್ಟು ಯಂತ್ರ ಬೇಕು, ಇನ್ನಷ್ಟು ದೊಡ್ಡ ಕಟ್ಟಡ ಬೇಕು.

1967ರ ಶರತ್ಕಾಲ

ಆಗ ಅಂಚೆ ಮಂತ್ರಿ ಲಾರೆನ್ಸ್ ಓಬ್ರಿಯನ್. ಸಾಂಟಾ ಫೇಯ ಅಧ್ಯಕ್ಷಗಿರಿಗೆ ಜಾನ್ ರೀಡ್ ಹೊಸಬ. ಸೆಪ್ಟೆಂಬರಿನ ತೀರ್ಮಾನ ಹೊರಬಿದ್ದ ಮೇಲೆ ಕಂಪನಿ ತನ್ನ ಗಾಡಿಗಳನ್ನು ಎರಡು ಪಾಲು ಮಾಡಿತು. ಜನರಿಂದಲೇ ತುಂಬುವವು ಒಂದು ಕಡೆ: ‘ಸೂಪರ್ ಚೀಫ್–ಎಲ್ ಕ್ಯಾಪಿಟಾನ್’, ‘ಸ್ಯಾನ್ ಫ್ರಾನ್ಸಿಸ್ಕೊ ಚೀಫ್’, ‘ಟೆಕ್ಸಾಸ್ ಚೀಫ್’, ಸ್ಯಾನ್ ಡಿಯಾಗೊ ಕಡೆಯವು. ಇವನ್ನು ಓಡಿಸುತ್ತೇವೆ ಎಂದಿತು. ಉಳಿದವನ್ನು ನಿಲ್ಲಿಸಲು ಅರ್ಜಿ ಬಿತ್ತು. ಅಂಚೆಗೆಂದೇ ಇದ್ದ 7 ಮತ್ತು 8ನೇ ನಂಬರುಗಳಿಗೆ ಉಳಿಯಲು ಕಾರಣವೇ ಇರಲಿಲ್ಲ, ಅವು ಮೊದಲು ಹೋದವು.

‘ಚೀಫ್’ನ ಗತಿ ಹೆಚ್ಚು ಬೇಸರ ತರಿಸುವಂಥದ್ದು. ಅದು ಖಾಲಿ ಗಾಡಿಯಾಗಿರಲಿಲ್ಲ. ಅದರಲ್ಲಿ ಜನ ಇದ್ದರು, ಊಟ ಇತ್ತು, ವೇಳೆಗೆ ಸರಿಯಾಗಿ ಬರುತ್ತಿತ್ತು. ಕೂಡುಕುಟುಂಬದಲ್ಲಿ ಮನೆ ಬಾಡಿಗೆ ಕಟ್ಟುತ್ತಿದ್ದವನು ಬೇರೆ ಹೋದ ಮೇಲೆ ಉಳಿದವರ ಸಂಪಾದನೆ ಅಡುಗೆ ಖರ್ಚಿಗಷ್ಟೇ ಸಾಲುತ್ತದಲ್ಲ, ಹಾಗಾಯಿತು. ಟಿಕೆಟ್ ಹಣದಿಂದ ಬೋಗಿಯೊಳಗಿನ ಖರ್ಚು ಹುಟ್ಟುತ್ತಿತ್ತು. ಎಂಜಿನ್, ಡೀಸೆಲ್, ದಾರಿಯುದ್ದಕ್ಕೂ ಬದಲಾಗುವ ಡ್ರೈವರ್ ಗಾರ್ಡುಗಳ ಸಂಬಳ, ಅದೂ 3,500 ಕಿಲೋಮೀಟರ್‌ಗೂ ಮಿಕ್ಕಿದ ದೂರಕ್ಕೆ, ಅದರಿಂದ ಹುಟ್ಟಲಿಲ್ಲ. 1968ರ ಮೇ ತಿಂಗಳಿನಲ್ಲಿ ಗಾಡಿ ನಿಂತಿತು.

ಬೇರೆ ಕಡೆಯೂ ಇದೇ. ಸೇಂಟ್ ಲೂಯಿಸ್ ಮೂಲದ ‘ಫ್ರಿಸ್ಕೊ’ ರೈಲ್ವೆ 1967ರ ಡಿಸೆಂಬರಿನಲ್ಲಿ ತನ್ನ ಪ್ರಯಾಣಿಕರ ಸೇವೆಯನ್ನು ಪೂರ್ತಿ ಮುಚ್ಚಿತು. ಅಂಚೆ ಇಲ್ಲದ ಗಾಡಿಯನ್ನು ಓಡಿಸುವ ಗೋಜಿಗೇ ಅದು ಹೋಗಲಿಲ್ಲ.

ಅಂಚೆ ಇಲಾಖೆಯ ತೀರ್ಮಾನ ತಪ್ಪೇ? ಪತ್ರ ಬೇಗ ಮುಟ್ಟಬೇಕು, ಖರ್ಚು ಕಡಿಮೆಯಾಗಬೇಕು ಎಂಬುದೊಂದೇ ಅದರ ಹೊಣೆ ಎಂದುಕೊಂಡರೆ ತಪ್ಪಲ್ಲ. ಷಿಕಾಗೋ–ಲಾಸ್ ಏಂಜಲೀಸ್ ದೂರಕ್ಕೆ ವಿಮಾನವನ್ನು ರೈಲು ಗೆಲ್ಲಲಾರದು. ತಪ್ಪಾದದ್ದು ಬೇರೆಡೆ. ಒಂದೇ ಸರ್ಕಾರದ ಎರಡು ಅಂಗಗಳು ಒಂದೇ ಗಾಡಿಯ ಬಗ್ಗೆ ಬೇರೆ ಬೇರೆ ಕೋಣೆಯಲ್ಲಿ ಕೂತು ತೀರ್ಮಾನ ಮಾಡಿದವು. ವಾಣಿಜ್ಯ ಆಯೋಗ ಸಾರ್ವಜನಿಕರ ಅನುಕೂಲ ಎಂದು ಹೇಳಿ ರೈಲ್ವೆಗಳಿಂದ ಗಾಡಿ ಓಡಿಸುತ್ತಿತ್ತು. ಅಂಚೆ ಇಲಾಖೆ ಆ ಗಾಡಿಯ ಆದಾಯವನ್ನು ಎತ್ತಿಕೊಂಡು ಹೋಯಿತು. ಪತ್ರ ಸಾಗಿಸಲು ಕೊಡುವ ಹಣದಲ್ಲಿ ಸಣ್ಣ ಊರುಗಳ ಪ್ರಯಾಣದ ಅನುಕೂಲವೂ ನಡೆಯುತ್ತಿದೆ ಎಂದು ಎಲ್ಲರಿಗೂ ಗೊತ್ತಿದ್ದರೂ, ಅದರ ಬೆಲೆ ಎಷ್ಟು, ಅಂಚೆ ಹೋದ ಮೇಲೆ ಅದನ್ನು ಯಾರು ಕೊಡಬೇಕು ಎಂಬ ಪ್ರಶ್ನೆ 1967ರಲ್ಲಿ ಯಾವ ಮೇಜಿನ ಮೇಲೂ ಬರಲಿಲ್ಲ. ಬಂದದ್ದು 1970ರಲ್ಲಿ, ಆಮ್‌ಟ್ರಾಕ್ ಕಾನೂನಿನ ರೂಪದಲ್ಲಿ. ಅಷ್ಟರಲ್ಲಿ ಕನ್ಸಾಸ್‌ನಿಂದ ನ್ಯೂ ಮೆಕ್ಸಿಕೋದವರೆಗೆ ಎಷ್ಟೋ ಊರಿಗೆ ದಿನಕ್ಕೆ ಎರಡು ಮೂರು ಇದ್ದ ಗಾಡಿ ಒಂದಾಗಿತ್ತು, ಕೆಲವಕ್ಕೆ ಅದೂ ಇರಲಿಲ್ಲ.

ಮತ್ತೆ ಅದೇ ಹಳಿಯ ಮೇಲೆ

1968ರ ಜನವರಿ 17ರಂದು, ‘ಚೀಫ್’ ಇನ್ನೂ ಓಡುತ್ತಿದ್ದಾಗಲೇ, ಸಾಂಟಾ ಫೇ ‘ಸೂಪರ್ ಸಿ’ ಎಂಬ ಗೂಡ್ಸ್ ಗಾಡಿ ಶುರುಮಾಡಿತು. ಲಾರಿಯ ಟ್ರೇಲರ್‌ಗಳನ್ನು ಹಾಗೆಯೇ ಚಪ್ಪಟೆ ಬೋಗಿಯ ಮೇಲೇರಿಸಿ ಷಿಕಾಗೋದಿಂದ ಲಾಸ್ ಏಂಜಲೀಸ್‌ಗೆ 40 ಗಂಟೆಯಲ್ಲಿ ಮುಟ್ಟಿಸುವ ಗಾಡಿ. ಮೊದಲ ಓಟ 35 ಗಂಟೆಯೊಳಗೇ ಮುಗಿಯಿತು, ‘ಸೂಪರ್ ಚೀಫ್’ನ ವೇಳಾಪಟ್ಟಿಗಿಂತಲೂ ಬೇಗ. ಪ್ರಯಾಣಿಕರ ಗಾಡಿಗಳಿಗೆಂದು ಆಗಷ್ಟೇ ತರಿಸಿದ್ದ ಎಫ್‌ಪಿ45 ಎಂಜಿನ್‌ಗಳೂ ಇದನ್ನು ಎಳೆದವು. ದರ ದುಬಾರಿ, ಗಿರಾಕಿಗಳು ಕಡಿಮೆ. ಕೊನೆಗೆ ಆ ಗಾಡಿಗೆ ಆಧಾರವಾದದ್ದು ಅಂಚೆ ಇಲಾಖೆಯೇ, ಟ್ರೇಲರಿನೊಳಗೆ ತುಂಬಿದ ಅಂಚೆ. 1976ರಲ್ಲಿ ಆ ಗುತ್ತಿಗೆ ಎದುರಾಳಿ ರೈಲ್ವೆಗಳ ಪಾಲಾದ ಕೂಡಲೇ ‘ಸೂಪರ್ ಸಿ’ ಕೂಡ ನಿಂತಿತು.

ಅಂಚೆ ರೈಲನ್ನು ಪೂರ್ತಿ ಬಿಟ್ಟಿರಲಿಲ್ಲ ಎಂದಾಯಿತು. ಬಿಟ್ಟದ್ದು ಗೂಡುಗಳನ್ನು, ಕೊಕ್ಕೆಯನ್ನು, ಗುಮಾಸ್ತರನ್ನು, ಹಿಂದಿನ ಬೋಗಿಯ ಪ್ರಯಾಣಿಕರನ್ನು. ಅವಸರವಿಲ್ಲದ ಅಂಚೆಯನ್ನು ಪೆಟ್ಟಿಗೆಯಲ್ಲಿ ತುಂಬಿ ದೂರಕ್ಕೆ ಸಾಗಿಸಲು ಹಳಿ ಆಗಲೂ ಅಗ್ಗ, ಈಗಲೂ ಅಗ್ಗ.

ಓಡುವ ಅಂಚೆ ಕಚೇರಿಯ ಕೊನೆಯ ದಾರಿ ನ್ಯೂಯಾರ್ಕ್–ವಾಷಿಂಗ್ಟನ್. ದೂರ ಕಡಿಮೆ, ಗಾಡಿಗಳು ಹೆಚ್ಚು, ಎರಡೂ ತುದಿಯಲ್ಲಿ ಹಳಿಗಂಟಿದ ಅಂಚೆ ಕಟ್ಟಡ, ಅದಕ್ಕೇ ಅಲ್ಲಿ 1977ರ ಜೂನ್ 30ರವರೆಗೂ ಅದು ನಡೆಯಿತು. ತೊಂಬತ್ತರ ದಶಕದ ಕೊನೆಗೆ ಆಮ್‌ಟ್ರಾಕ್ ಹಳೆಯ ಲೆಕ್ಕವನ್ನೇ ಮತ್ತೆ ಹಿಡಿಯಿತು. ದೂರದ ಗಾಡಿಗಳ ನಷ್ಟ ತುಂಬಲು ಅಂಚೆ ಮತ್ತು ಎಕ್ಸ್‌ಪ್ರೆಸ್ ಬೋಗಿಗಳನ್ನು ದೊಡ್ಡ ಪ್ರಮಾಣದಲ್ಲಿ ಜೋಡಿಸಿತು. ಆದರೆ ಅರ್ಧ ಶತಮಾನದ ಹಿಂದೆ ಕನ್ಸಾಸ್ ಸಿಟಿಯಂಥ ನಿಲ್ದಾಣಗಳಲ್ಲಿ ಇದೇ ಕೆಲಸಕ್ಕೆಂದು ಕಾದಿರುತ್ತಿದ್ದ ಷಂಟಿಂಗ್ ಎಂಜಿನ್‌ಗಳಾಗಲಿ, ಚೀಲ ಇಳಿಸುವ ಆಳುಗಳಾಗಲಿ, ಹಳಿಯ ಪಕ್ಕದ ಅಂಚೆ ಕಟ್ಟಡಗಳಾಗಲಿ ಆಗ ಇರಲಿಲ್ಲ. ಬೋಗಿ ಕಳಚಿ ಜೋಡಿಸುವಷ್ಟು ಹೊತ್ತೂ ಪ್ರಯಾಣಿಕರು ಕಾದು ಬೇಸತ್ತರು. 2004ರಲ್ಲಿ ಆಮ್‌ಟ್ರಾಕ್ ಆ ವ್ಯವಹಾರವನ್ನು ಕೈಬಿಟ್ಟಿತು.